ಕೈಗೇನಾಯ್ತು ಅಂತ ಕೇಳಿದರೆ

ನಲವತ್ತೆಂಟು ವರ್ಷದ ಗಂಡಸನ್ನು ಎದುರಿಗೆ ಕೂರಿಸಿಕೊಂಡು "ನಿಮ್ಮ ದೌರ್ಬಲ್ಯ ಏನು?" ಅಂತ ಕೇಳೋದು ಯಾವ ಸೀಮೆ ನ್ಯಾಯ, ನೀವೇ ಹೇಳಿ. ದೌರ್ಬಲ್ಯ ಇಲ್ಲದಿದ್ದರೆ ಅವನು ಫೈಲು ಹಿಡಕೊಂಡು ಇನ್ನೊಬ್ಬರ ಬಾಗಿಲಿಗೆ ಯಾಕೆ ಬರುತ್ತಿದ್ದ? ಆದರೂ ಕೇಳುತ್ತಾರಂತೆ. ಕೇಳಿದರೆ ನಿಜ ಹೇಳಬಾರದಂತೆ. "ಕೆಲಸ ಪೂರ್ತಿ ಮುಗಿಯೋವರೆಗೂ ನನಗೆ ಸಮಾಧಾನ ಇರಲ್ಲ ಸಾರ್, ಅದೇ ನನ್ನ ದೌರ್ಬಲ್ಯ" ಅನ್ನಬೇಕಂತೆ. ಹೊಗಳಿಕೊಳ್ಳೋದನ್ನೇ ಬೈಕೊಳ್ಳೋ ಹಾಗೆ ಹೇಳೋದು. ಇದಕ್ಕೆ ಇಂಟರ್‌ವ್ಯೂ ಅಂತ ಹೆಸರು.

ಲಗ್ಗೆರೆಯ ಬಾಡಿಗೆ ಮನೆಯ ಎರಡನೇ ಮಹಡಿಯಲ್ಲಿ ಗದಿಗೆಪ್ಪ ಮೂರು ದಿನದಿಂದ ಇದನ್ನು ಬಾಯಿಪಾಠ ಮಾಡುತ್ತಿದ್ದ. ಹೇಳಿಕೊಡುತ್ತಿದ್ದವಳು ಮಗಳು ಮೇಘಾ. ಕುಂದಲಹಳ್ಳಿಯ ಒಂದು ಆಫೀಸಿನಲ್ಲಿ ಅವಳ ಕೆಲಸವೇ ಅದು, ಬೇರೆ ಬೇರೆ ಕಂಪನಿಗಳಿಗೆ ಜನ ಆರಿಸಿ ಕಳಿಸೋದು. ದಿನಕ್ಕೆ ಇಪ್ಪತ್ತು ಜನರನ್ನು ಫೋನಿನಲ್ಲಿ ಕೆದಕಿ ಕೆದಕಿ ಕೇಳೋ ಹುಡುಗಿ. ಎಲ್ಲಿ ಜಾರುತ್ತಾರೆ, ಎಲ್ಲಿ ಸಿಕ್ಕಿಬೀಳುತ್ತಾರೆ ಅನ್ನೋದು ಅವಳಿಗೆ ಅಂಗೈ ಮೇಲಿನ ಗೆರೆ. ಅಪ್ಪನಿಗೆಂದೇ ಒಂದು ನೋಟ್‌ಬುಕ್ಕಿನಲ್ಲಿ ಪ್ರಶ್ನೆ, ಉತ್ತರ ಎರಡನ್ನೂ ಕನ್ನಡದಲ್ಲಿ ಬರೆದಿದ್ದಳು.

"ಹಳೇ ಕಂಪನಿ ಯಾಕೆ ಬಿಟ್ರಿ?"

"ಬಿಡಲಿಲ್ಲ, ಅವರಽ ಬಿಡಿಸಿದ್ರು."

"ಅಯ್ಯೋ ಅಪ್ಪಾ! ಹಾಗಂದ್ರೆ ಅಲ್ಲೇ ಔಟು. 'ಕಂಪನಿ ತುಮಕೂರು ಕಡೆ ಶಿಫ್ಟ್ ಆಯ್ತು ಸಾರ್, ನನಗೆ ಫ್ಯಾಮಿಲಿ ಇಲ್ಲಿದೆ' ಅನ್ನು. ಸುಳ್ಳೇನಲ್ವಲ್ಲ."

ಸುಳ್ಳಲ್ಲ, ಸರಿ. ಪೂರ್ತಿ ನಿಜವೂ ಅಲ್ಲ. ಕಂಪನಿ ತುಮಕೂರು ಕಡೆ ಹೋದದ್ದು ಹೌದು, ಹೋಗುವಾಗ ಇಪ್ಪತ್ತೈದರ ಹುಡುಗರನ್ನು ಬಸ್ಸಿನಲ್ಲಿ ಕರಕೊಂಡು ಹೋಗಿ, ಹತ್ತೊಂಬತ್ತು ವರ್ಷ ತಗಡು ಕತ್ತರಿಸೋ ಪ್ರೆಸ್ ಶಾಪ್ ನೋಡಿಕೊಂಡ ಸೂಪರ್‌ವೈಸರ್ ಗದಿಗೆಪ್ಪನಿಗೆ ಒಂದು ಶಾಲು ಹೊದಿಸಿ ಕೈ ತೊಳೆದುಕೊಂಡಿತ್ತು. ಅದಾಗಿ ಹನ್ನೊಂದು ತಿಂಗಳು. ಮನೆ ನಡೆಯುತ್ತಿದ್ದದ್ದು ಮಗಳ ದುಡಿಮೆಯಿಂದ. ಹೆಂಡತಿ ಗಂಗಮ್ಮ ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. ಆದರೆ ಮೇಘಾಗೆ ಬಂದ ಎರಡು ಸಂಬಂಧದವರೂ ಕಾಫಿ ಕುಡಿದು ಲೋಟ ಕೆಳಗಿಡೋ ಮೊದಲೇ "ಹುಡುಗಿ ತಂದೆ ಏನ್ ಮಾಡ್ಕೊಂಡಿದಾರೆ?" ಅಂತ ಕೇಳಿದ್ದರು. ಇಂಟರ್‌ವ್ಯೂ ಅನ್ನೋದು ಬರೀ ಕಂಪನಿಯಲ್ಲಿ ನಡೆಯೋದಲ್ಲ ಬಿಡಿ. ಈಗ ಪೀಣ್ಯ ಎರಡನೇ ಹಂತದ ಒಂದು ಕಾರ್ಖಾನೆಯಲ್ಲಿ ಪ್ರೆಸ್ ಶಾಪಿಗೆ ಸೂಪರ್‌ವೈಸರ್ ಬೇಕಾಗಿದ್ದಾರೆ ಅಂತ ಮೇಘಾನೇ ಹುಡುಕಿ ತಂದಿದ್ದಳು. ಈ ವಯಸ್ಸಿಗೆ ಇದು ತಪ್ಪಿದರೆ ಇನ್ನೊಂದಿಲ್ಲ ಅಂತ ಮೂವರಿಗೂ ಗೊತ್ತಿತ್ತು.

ಎರಡನೇ ದಿನ ಸಂಜೆ ಅವಳು ಪುಟ ತಿರುವಿ ಕೇಳಿದಳು. "ನಿಮ್ಮ ಸೆಕ್ಷನ್‌ನಲ್ಲಿ ಯಾವತ್ತಾದ್ರೂ ಆಕ್ಸಿಡೆಂಟ್ ಆಗಿತ್ತಾ?"

ಗದಿಗೆಪ್ಪ ಚಹಾ ಲೋಟ ಕೈಗೆತ್ತಿಕೊಂಡ.

"ಬಸಲಿಂಗ ಕಾಕಾನ ಕೈ ವಿಷಯ ಹೇಳ್ಬೇಕಪ್ಪಾ. ಪೀಣ್ಯದಲ್ಲಿ ಯಾರಿಗೆ ಗೊತ್ತಿಲ್ಲ? ಮುಚ್ಚಿಟ್ರೆ ಆಮೇಲೆ ಸಿಕ್ಕಿಬೀಳ್ತೀಯ. ಹೇಗೂ ನಿನ್ನ ತಪ್ಪೇನೂ ಇರಲಿಲ್ಲ. 'ಒಂದೇ ಒಂದು ಆಯ್ತು ಸಾರ್, ಆಪರೇಟರ್ ಅಜಾಗರೂಕತೆಯಿಂದ. ಆಮೇಲೆ ನಾನೇ ನಿಂತು ಎಲ್ಲರಿಗೂ ಟ್ರೈನಿಂಗ್ ಕೊಟ್ಟೆ.' ಹೇಳು ನೋಡೋಣ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ. ಇಲ್ಲಿ ಕಳ್ಳ ಅಂತ ಯಾರೂ ಅಂದಿರಲೂ ಇಲ್ಲ, ಮಗಳು ಅಪ್ಪನ ಪರವಾಗಿಯೇ ಮಾತಾಡುತ್ತಿದ್ದಳು. ಆದರೂ ಗದಿಗೆಪ್ಪ ಕುಡಿಯದ ಚಹಾ ಲೋಟ ಕೆಳಗಿಟ್ಟ. "ನಾಳೆ ಹೇಳ್ತೀನಿ" ಅಂತ ಎದ್ದು ಹೋದ.

ಮೇಘಾಗೆ ಗೊತ್ತಿಲ್ಲದ್ದು ನಿಮಗೆ ಗೊತ್ತಿರಲಿ, ಹೇಳಿಬಿಡುತ್ತೇನೆ. ಪವರ್ ಪ್ರೆಸ್ ಅಂದರೆ ತಗಡನ್ನು ಒಂದೇ ಏಟಿಗೆ ಬೇಕಾದ ಆಕಾರಕ್ಕೆ ಕತ್ತರಿಸೋ ಯಂತ್ರ. ಅದಕ್ಕೆ ಎಡಕ್ಕೊಂದು ಬಲಕ್ಕೊಂದು, ಎರಡು ಬಟನ್. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಕೆಳಗೆ ಬೀಳುತ್ತದೆ. ಎರಡು ಕೈಯೂ ಬಟನ್ ಮೇಲಿದ್ದರೆ ಯಾವ ಕೈಯೂ ಒಳಗಿರೋದಿಲ್ಲ, ಅಷ್ಟೇ ಅದರ ಮರ್ಮ. ಆದರೆ ಹಾಗೆ ಮಾಡಿದರೆ ಕೆಲಸ ನಿಧಾನ. ಅದಕ್ಕೇ ಮಾಲು ಕಳಿಸೋ ದಿನ ಬಂತು ಅಂದರೆ ಗದಿಗೆಪ್ಪನ ಹಳೇ ಕಂಪನಿಯ ಶೆಡ್ಡಿನಲ್ಲಿ ಒಂದು ರೂಢಿ. ಒಂದು ಬಟನ್ನಿಗೆ ಮರದ ಬೆಣೆ ಹೊಡೆದು, ಅದು ಸದಾ ಒತ್ತಿಕೊಂಡೇ ಇರೋ ಹಾಗೆ ಮಾಡಿಬಿಡೋದು. ಆಗ ಒಂದು ಕೈ ಬಟನ್ ಒತ್ತುತ್ತದೆ, ಇನ್ನೊಂದು ಕೈ ತಗಡು ಒಳಗಿಡುತ್ತದೆ. ನೂರು ಪೀಸ್ ಆಗೋ ಹೊತ್ತಿಗೆ ನೂರೈವತ್ತು. ಇದನ್ನು ಯಾರೂ ಕಾಗದದಲ್ಲಿ ಬರೆಯಲ್ಲ, ಯಾರೂ ಬಾಯಲ್ಲಿ ಆಡಲ್ಲ. ಸೂಪರ್‌ವೈಸರ್ ಬರುತ್ತಾನೆ, ಜೇಬಿನಿಂದ ಬೆಣೆ ತೆಗೆದು ಹೊಡೆಯುತ್ತಾನೆ, ಹೋಗುತ್ತಾನೆ. ತಪಾಸಣೆಗೆ ಅಧಿಕಾರಿಗಳು ಬರುವ ದಿನ ಬೆಣೆ ವಾಪಸ್ ಜೇಬಿಗೆ. ಗದಿಗೆಪ್ಪನ ಬೆಣೆ ಅವನೇ ಪೊರಕೆ ಕೋಲು ಕೊಯ್ದು, ಹೆರೆದು ಮಾಡಿಕೊಂಡದ್ದು.

ಬಸಲಿಂಗ ಅವನ ಊರಿನವನೇ, ರಾಣೆಬೆನ್ನೂರು ಕಡೆಯವನು. ಗದಿಗೆಪ್ಪನೇ ಕರಕೊಂಡು ಬಂದು ಪ್ರೆಸ್ಸಿನ ಮುಂದೆ ನಿಲ್ಲಿಸಿ ಕೆಲಸ ಕಲಿಸಿದ್ದ. ಎರಡು ವರ್ಷದ ಹಿಂದೆ ಒಂದು ಶನಿವಾರ ಬೆಳಿಗ್ಗೆ, ಗದಿಗೆಪ್ಪ ಬೆಣೆ ಹಿಡಕೊಂಡು ಬಂದಾಗ ಬಸಲಿಂಗ ಹೇಳಿದ್ದ. "ಅಣ್ಣಾ, ಇವತ್ತ ಬ್ಯಾಡ. ಮಷೀನು ಒಂದೊಂದ ಸಲ ತಾನಽ ಎರಡ ಏಟು ಹೊಡಿಯಾಕತ್ತೈತಿ." ಗದಿಗೆಪ್ಪ ಗಡಿಯಾರ ನೋಡಿದ. "ಸಂಜಿಗೆ ಲಾರಿ ಬರ್ತೈತಿ, ಇವತ್ತೊಂದ ದಿನ ಸುಧಾರಿಸ್ಕೋ, ನಾಳೆ ರಿಪೇರಿ ಮಾಡಿಸ್ತೀನಿ" ಅಂದು ಬೆಣೆ ಹೊಡೆದ. ಮಧ್ಯಾಹ್ನದ ಊಟಕ್ಕೆ ಹತ್ತು ನಿಮಿಷ ಇರುವಾಗ ಮಷೀನು ಎರಡನೇ ಏಟು ಹೊಡೆಯಿತು. ಬಸಲಿಂಗನ ಬಲಗೈಯ ನಾಲ್ಕು ಬೆರಳು ಹೋದವು. ಹೆಬ್ಬೆರಳೊಂದು ಉಳಿಯಿತು.

ಜನ ಬಸಲಿಂಗನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಗದಿಗೆಪ್ಪ ಹಿಂದೆ ಉಳಿದು ಮೊದಲು ಮಾಡಿದ ಕೆಲಸ ಬೆಣೆ ಕೀಳೋದು.  ಮಾಲೀಕರು ಒಳಗೆ ಕರೆದು, ಬೆಣೆ ಸುದ್ದಿ ಹೊರಗೆ ಬಂದರೆ ಶೆಡ್ಡಿಗೆ ಬೀಗ, ಅರವತ್ತು ಜನರ ಅನ್ನ ನಿನ್ನ ಕೈಯಲ್ಲಿದೆ ಅಂದರು. ಅವನು ರಿಪೋರ್ಟಿನಲ್ಲಿ ಬರೆದ: ಆಪರೇಟರನ ಅಜಾಗರೂಕತೆಯಿಂದ. ಕಾಗದ ಹಿಡಕೊಂಡು ಆಸ್ಪತ್ರೆಗೂ ಅವನೇ ಹೋದ. ಬಸಲಿಂಗ ಓದಿ ನೋಡಿದ, ಗದಿಗೆಪ್ಪನ ಮುಖ ನೋಡಿದ, ಏನೂ ಕೇಳದೆ ಎಡಗೈ ಹೆಬ್ಬೆಟ್ಟು ಒತ್ತಿದ. ಬೈದಿದ್ದರೆ ಆಗುತ್ತಿತ್ತು, ಒಂದು ಮಾತು ಬೈಯಬಾರದಾ? ಬೈಯಲಿಲ್ಲ. ಅವತ್ತಿನಿಂದ ಗದಿಗೆಪ್ಪ ಬಸಲಿಂಗನ ಬೀದಿ ತುಳಿದಿಲ್ಲ. ಮನೆ ಇರೋದು ಎರಡು ಬೀದಿ ಆಚೆ. ಹಾಲಿಗೆ ಹೋದರೂ ಸುತ್ತು ಹಾಕಿಕೊಂಡು ಹೋಗುತ್ತಾನೆ.

ಇಂಟರ್‌ವ್ಯೂ ಇದ್ದದ್ದು ಶನಿವಾರ. ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿ, ಹಣೆಗೆ ವಿಭೂತಿ ಇಟ್ಟು, ಗದಿಗೆಪ್ಪ ಆ ಕಾರ್ಖಾನೆಗೆ ಹೋದ. ಪ್ಲಾಂಟ್ ಹೆಡ್ ಶ್ರೀಧರ್ ಅಂತ, ನಲವತ್ತು ದಾಟಿರಲಿಕ್ಕಿಲ್ಲ. ಒಳ್ಳೆ ಮರ್ಯಾದಸ್ಥ, ಕೂರಿ ಅಂದ, ನೀರು ತರಿಸಿದ, ಗದಿಗೆಪ್ಪನೋರೆ ಅಂತಲೇ ಮಾತಾಡಿಸಿದ. ಮೇಘಾ ಬರೆದುಕೊಟ್ಟ ಪ್ರಶ್ನೆಗಳೇ ಒಂದರ ಹಿಂದೆ ಒಂದು ಬಂದವು. ಹಳೇ ಕಂಪನಿ ಯಾಕೆ ಬಿಟ್ರಿ, ದೌರ್ಬಲ್ಯ ಏನು, ನಿಮಗಿಂತ ಚಿಕ್ಕವರು ಮೇಲಧಿಕಾರಿ ಆದ್ರೆ ನಡಿಯುತ್ತಾ. ಗದಿಗೆಪ್ಪ ಎಲ್ಲೂ ಎಡವಲಿಲ್ಲ. ಮಗಳನ್ನು ನೆನೆದು ಅವನಿಗೆ ಹೆಮ್ಮೆಯೂ ಆಯಿತು.

"ನಿಮ್ಮ ಸೆಕ್ಷನ್‌ನಲ್ಲಿ ಆಕ್ಸಿಡೆಂಟ್?"

"ಒಂದೇ ಒಂದು ಆಯ್ತು ಸಾರ್, ಆಪರೇಟರ್ ಅಜಾಗರೂಕತೆಯಿಂದ. ಆಮೇಲೆ ನಾನೇ ನಿಂತು ಎಲ್ಲರಿಗೂ ಟ್ರೈನಿಂಗ್ ಕೊಟ್ಟೆ."

ಪಟಪಟ ಹೇಳಿ ಮುಗಿಸಿದ. ಶ್ರೀಧರ್ ತಲೆ ಆಡಿಸಿ ಏನೋ ಬರೆದುಕೊಂಡ. ಮುಗಿಯಿತು ಅಂದುಕೊಂಡು ಗದಿಗೆಪ್ಪ ಉಸಿರು ಬಿಡುವಷ್ಟರಲ್ಲಿ ಅವನು ತಲೆ ಎತ್ತಿದ.

"ಆ ಪ್ರೆಸ್‌ಗೆ ಎರಡು ಕೈ ಬಟನ್ ಇರಲಿಲ್ವಾ?"

"ಇತ್ತು ಸಾರ್."

"ಎರಡು ಕೈಯೂ ಬಟನ್ ಮೇಲಿದ್ರೆ ಬೆರಳು ಒಳಗೆ ಹೇಗೆ ಹೋಯ್ತು?"

ಇದು ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ಪಾಪ, ಆ ಹುಡುಗಿಗೆ ಇಂಥದ್ದೊಂದು ಪ್ರಶ್ನೆ ಇರಬಹುದು ಅಂತ ಹೇಗೆ ಗೊತ್ತಾಗಬೇಕು? ಒಂದು ಸುಳ್ಳು ಹೇಳಬಹುದಿತ್ತು. ಬಟನ್ ಕೆಟ್ಟಿತ್ತು ಅನ್ನಬಹುದಿತ್ತು, ಅವನೇ ಏನೋ ಮಾಡಿಕೊಂಡ ಅನ್ನಬಹುದಿತ್ತು. ಗದಿಗೆಪ್ಪನ ನಾಲಿಗೆ ಏಳಲಿಲ್ಲ. ಎರಡು ವರ್ಷದಿಂದ ಯಾರೂ, ದೇವರಾಣೆ ಒಬ್ಬರೂ, ಅವನನ್ನು ಈ ಪ್ರಶ್ನೆ ಕೇಳಿರಲಿಲ್ಲ. ವಿಚಾರಣೆಗೆ ಬಂದ ಸರಕಾರಿ ಅಧಿಕಾರಿ ಕೇಳಿರಲಿಲ್ಲ, ಹೆಂಡತಿ ಕೇಳಿರಲಿಲ್ಲ. ಯಾರಾದರೂ ಕೇಳಲಿ ಅಂತ ತಾನು ಕಾಯುತ್ತಿದ್ದೆ ಅನ್ನೋದು ಅವನಿಗೆ ಆ ಕ್ಷಣಕ್ಕೇ ತಿಳಿದದ್ದು.

"ಬೆಣೆ ಹೊಡೆದಿದ್ದೆ ಸಾರ್," ಅಂದ. "ನಾನೇ ಹೊಡೆದಿದ್ದೆ. ಮಷೀನು ಸರಿ ಇಲ್ಲ, ಇವತ್ತು ಬ್ಯಾಡ ಅಂತ ಅವನು ಹೇಳಿದ್ದ. ನಾನು ಕೇಳಲಿಲ್ಲ. ರಿಪೋರ್ಟ್ ಬರೆದೋನೂ ನಾನೇ. ಅವನದೇನೂ ತಪ್ಪಿಲ್ಲ ಸಾರ್. ತಪ್ಪೆಲ್ಲ ನಂದು."

ಹೇಳುತ್ತಾ ಹೇಳುತ್ತಾ ಅವನ ಕಣ್ಣು ತುಂಬಿ ಬಂತು. ಕೆಲಸ ಹೋಯಿತು, ಹೋದರೆ ಹೋಗಲಿ, ಎದೆಯ ಮೇಲಿನ ಕಲ್ಲು ಇಳಿಯಿತು ಅನ್ನಿಸಿತು. ಫೈಲು ಎತ್ತಿಕೊಂಡು ಎದ್ದು ನಿಂತ.

"ಕೂತ್ಕೊಳ್ಳಿ, ಕೂತ್ಕೊಳ್ಳಿ." ಶ್ರೀಧರ್ ಎದ್ದು ಹೋಗಿ ಬಾಗಿಲು ಮುಂದಕ್ಕೆ ಹಾಕಿ ಬಂದ. "ಕೇಸ್ ಏನಾದ್ರೂ ಆಯ್ತಾ?"

"ಇಲ್ಲ ಸಾರ್."

"ಆ ಕೆಲಸಗಾರ ಗಲಾಟೆ ಮಾಡಲಿಲ್ವಾ? ಯೂನಿಯನ್, ಲಾಯರ್, ಅದೂ ಇದೂ?"

"ಇಲ್ಲ ಸಾರ್. ನಾನು ಕಾಗದ ತಗೊಂಡು ಹೋದೆ. ಹೆಬ್ಬೆಟ್ಟು ಹಾಕಿದ."

"ಶೆಡ್ಡು?"

"ಎರಡೇ ದಿನ ನಿಂತಿತ್ತು. ಸೋಮವಾರ ಮಧ್ಯಾಹ್ನ ಮತ್ತೆ ಶುರು."

ಶ್ರೀಧರ್ ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟ. ಆಮೇಲೆ ನಕ್ಕ, ಅದೂ ಕೆಟ್ಟ ನಗೆ ಅಲ್ಲ, ಮೆಚ್ಚುಗೆಯ ನಗೆ. "ನೋಡಿ ಗದಿಗೆಪ್ಪನೋರೆ, ಇಲ್ಲಿಗೆ ಬರೋರೆಲ್ಲ ಆಕ್ಸಿಡೆಂಟೇ ಆಗಿಲ್ಲ ಅಂತ ಕಾಗೆ ಹಾರಿಸ್ತಾರೆ. ಆಗೋದು ಎಲ್ಲಾ ಕಡೆ ಆಗುತ್ತೆ. ಆದಾಗ ಕಂಪನಿ ಕಡೆ ನಿಂತ್ಕೊಂಡು ನಿಭಾಯಿಸೋರು ಬೇಕು. ಅಂಥೋರು ದುಡ್ಡು ಕೊಟ್ರೂ ಸಿಗಲ್ಲ. ಮುಂದಿನ ವಾರ ಬಂದು ಸೇರ್ಕೊಳ್ಳಿ."

ಗದಿಗೆಪ್ಪನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥ ಆದ ಮೇಲೆ, ಬೇಡ ಸಾರ್ ಅನ್ನಬಹುದಿತ್ತು. ನಾನಾಗಿದ್ದರೆ ಅನ್ನುತ್ತಿದ್ದೆ ಅಂತ ನೀವು ಹೇಳಬಹುದು, ನಾನೂ ಹೇಳಬಹುದು, ಹೇಳೋದಕ್ಕೆ ನಮಗೇನು ಖರ್ಚು. ಹನ್ನೊಂದು ತಿಂಗಳು ಮಗಳ ಅನ್ನ ತಿಂದವನು ಅವನು. "ಆಯ್ತು ಸಾರ್" ಅಂದ, ಕೈ ಮುಗಿದ, ಹೊರಗೆ ಬಂದ. ಗೇಟಿನ ಹತ್ತಿರ ನಿಂತು ಮನೆಗೆ ಫೋನ್ ಮಾಡಿದ. ಗಂಗಮ್ಮ ಆ ಕಡೆಯಿಂದ "ನಮ್ಮಪ್ಪ ಶಿವನೇ" ಅಂದವಳು ಮುಂದೆ ಮಾತಾಡಲಾರದೆ ಅತ್ತುಬಿಟ್ಟಳು.

ಬಸ್ಸು ಬಂದರೂ ಹತ್ತಲಿಲ್ಲ. ಪೀಣ್ಯದಿಂದ ಲಗ್ಗೆರೆವರೆಗೆ ಬಿಸಿಲಿನಲ್ಲಿ ನಡೆದೇ ಬಂದ. ದಾರಿಯುದ್ದಕ್ಕೂ ಶೆಡ್ಡುಗಳೊಳಗಿಂದ ಪ್ರೆಸ್ಸುಗಳು ಬೀಳೋ ಸದ್ದು.

ಮನೆ ಮೆಟ್ಟಿಲು ಹತ್ತಿದರೆ ಬಾಗಿಲಲ್ಲಿ ಯಾರದೋ ಚಪ್ಪಲಿ. ಒಳಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಬಸಲಿಂಗ ಕೂತಿದ್ದ. ಬಲಗೈ ಮೇಲೆ ಟವೆಲ್ ಹೊದಿಸಿಕೊಂಡಿದ್ದ. ಎದುರಿಗೆ ನೆಲದ ಮೇಲೆ ನೋಟ್‌ಬುಕ್ ಹಿಡಿದು ಮೇಘಾ.

"ಅಪ್ಪಾ! ಕಂಗ್ರಾಜುಲೇಷನ್ಸ್!" ಮೇಘಾ ಎದ್ದು ಬಂದು ಅವನ ಕೈ ಹಿಡಿದುಕೊಂಡಳು. "ಕಾಕಾಗೂ ಸೋಮವಾರ ಇಂಟರ್‌ವ್ಯೂ ಇದೆಯಂತೆ, ಅಪಾರ್ಟ್‌ಮೆಂಟ್ ಸೆಕ್ಯುರಿಟಿಗೆ. ನಾಲ್ಕು ಕಡೆ ಹೋಗಿ ವಾಪಸ್ ಬಂದಿದಾರೆ ಪಾಪ. ಎಲ್ಲಾ ಕಡೆ ಕೈ ನೋಡಿದ ತಕ್ಷಣ ಒಂದೇ ಪ್ರಶ್ನೆಯಂತೆ. ಅದಕ್ಕೆ ಹೇಳ್ಕೊಡ್ತಾ ಇದೀನಿ."

"ನಿನ್ನ ಮಗಳು ಭಾರೀ ಚಲೋ ಹೇಳಿಕೊಡ್ತಾಳ ಅಂತ ಓಣಿಯಾಗೆಲ್ಲ ಅಂತಾರ ಅಣ್ಣಾ," ಬಸಲಿಂಗ ಎದ್ದು ನಿಂತು ಹೇಳಿದ. "ಅದಕ್ಕ ಬಂದೆ. ನೀ ಇರೂದಿಲ್ಲ ಅಂತ ಗೊತ್ತಾಗಿ ಬಂದೆ. ನಿನಗ ತ್ರಾಸ ಆಗಬಾರದು ಅಂತ."

ಗಂಗಮ್ಮ ಸಕ್ಕರೆ ತಂದು ಗಂಡನ ಬಾಯಿಗೆ ಹಾಕಿದಳು. ಅದು ಅವನ ನಾಲಿಗೆ ಮೇಲೆ ಹಾಗೇ ಉಳಿಯಿತು.

"ಬಾ ಅಪ್ಪಾ, ನೀನೇ ಮ್ಯಾನೇಜರ್," ಮೇಘಾ ಅವನನ್ನು ಎಳೆದು ಬಸಲಿಂಗನ ಎದುರು ಕೂರಿಸಿದಳು. "ಈಗಷ್ಟೇ ಇಂಟರ್‌ವ್ಯೂ ಗೆದ್ದು ಬಂದಿದೀಯ. ಕೇಳು. ಕಾಕಾ, ನಾನು ಹೇಳಿದ್ದು ನೆನಪಿದೆಯಲ್ಲ? ಹಳೇ ಕಂಪನಿ ಮೇಲೆ ದೂರು ಹೇಳಂಗೇ ಇಲ್ಲ. ದೂರು ಹೇಳೋರನ್ನ ಯಾರೂ ತಗೊಳ್ಳಲ್ಲ. ತಪ್ಪು ಒಪ್ಕೊಂಡ್ರೆ ಇಷ್ಟಪಡ್ತಾರೆ."

ಗದಿಗೆಪ್ಪ ಫೈಲನ್ನು ಮಡಿಲಿಗೆ ಎಳೆದುಕೊಂಡ.

"ಕೇಳಪ್ಪಾ! 'ಕೈಗೆ ಏನಾಯ್ತು' ಅಂತ ಕೇಳು."

"ಕೈಗೆ... ಏನಾಯ್ತು?"

ಬಸಲಿಂಗ ಟವೆಲ್ ಸರಿಸಿ ಕೈ ತೋರಿಸಿದ. ಹಾಗೆ ತೋರಿಸಬೇಕು, ಮುಚ್ಚಿಡಬಾರದು ಅಂತ ಮೇಘಾ ಹೇಳಿಕೊಟ್ಟಿದ್ದಳು. ನೆಲ ನೋಡುತ್ತಾ ಹೇಳಿದ. "ಪ್ರೆಸ್ಸಿನಲ್ಲಿ ಹೋಯ್ತು ಸಾರ್. ನನ್ನದೇ ತಪ್ಪು. ನಾನು ಎಚ್ಚರಿಕೆಯಿಂದ ಇರಲಿಲ್ಲ. ಅದರಿಂದ ಪಾಠ ಕಲಿತಿದ್ದೀನಿ ಸಾರ್."

"ಸೂಪರ್ ಕಾಕಾ! ಆದ್ರೆ ಕೆಳಗೆ ನೋಡ್ಬೇಡಿ. ಕೆಳಗೆ ನೋಡಿದ್ರೆ ಸುಳ್ಳು ಹೇಳ್ತಿದಾರೆ ಅನ್ಕೋತಾರೆ. ಅಪ್ಪನ ಕಣ್ಣು ನೋಡ್ಕೊಂಡು ಇನ್ನೊಂದ್ಸಲ."

ಬಸಲಿಂಗ ಕಣ್ಣೆತ್ತಿದ. ಆಸ್ಪತ್ರೆಯ ಆ ದಿನದ ನಂತರ ಇಬ್ಬರೂ ಮುಖಕ್ಕೆ ಮುಖ ಕೊಟ್ಟು ನೋಡಿದ್ದು ಅದೇ ಮೊದಲು. "ನನ್ನದೇ ತಪ್ಪು ಸಾರ್," ಅಂದ. "ನಾನು ಎಚ್ಚರಿಕೆಯಿಂದ..."

"ಸಾಕು ಬಸಲಿಂಗಾ. ಸಾಕು ಮಾಡೋ." ಗದಿಗೆಪ್ಪ ಎದ್ದು ನಿಂತ. ಮಗಳ ಕಡೆ ತಿರುಗಿದ. "ಅವನದಲ್ಲ ತಪ್ಪು. ಬಟನ್ನಿಗೆ ಬೆಣೆ ಹೊಡೆದೋನು ನಾನು. ಬ್ಯಾಡ ಅಂದಿದ್ದ, ಹೊಡೆದೆ. ಅಜಾಗರೂಕತೆ ಅಂತ ಬರೆದು ಅವನ ಹೆಬ್ಬೆಟ್ಟು ಒತ್ತಿಸ್ಕೊಂಡೋನೂ ನಾನು. ಇವತ್ತು ಅಲ್ಲಿ ಇದನ್ನೇ ಹೇಳಿದೆ ಮೇಘಾ. ಇದನ್ನ ಕೇಳೇ ನನಗೆ ಕೆಲಸ ಕೊಟ್ರು."

ಮೇಘಾ ಅಪ್ಪನನ್ನು ನೋಡಿದಳು. ಅವಳ ಮುಖದಲ್ಲಿ ಇಷ್ಟು ಹೊತ್ತು ಇದ್ದ ಸಂಭ್ರಮ ಹೇಗೆ ಇಳಿದುಹೋಯಿತು ಅಂದರೆ, ಅದನ್ನು ನೋಡಲಾರದೆ ಗದಿಗೆಪ್ಪ ಅಡುಗೆಮನೆ ಕಡೆ ತಿರುಗಿದ. ಅಲ್ಲಿ ಗಂಗಮ್ಮ ಸಕ್ಕರೆ ಬಟ್ಟಲು ಹಿಡಿದು ನಿಂತಿದ್ದಳು. ಅವಳು ತಲೆ ತಗ್ಗಿಸಿದಳು.

ಮೊದಲು ಮಾತಾಡಿದವನು ಬಸಲಿಂಗ.

"ಇದನ್ನ ಅವತ್ತ ಹೇಳಬೇಕಿತ್ತು ಅಣ್ಣಾ," ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ದವಾಖಾನ್ಯಾಗ ಬಾಗಿಲಾ ನೋಡ್ಕೋತ ಮಲಗಿದ್ದೆ. ಸರಕಾರದ ಸಾಹೇಬ ವಿಚಾರಣಿಗೆ ಬಂದಾಗ, ಈಗ ನಮ್ಮ ಗದಿಗೆಪ್ಪಣ್ಣ ಬರ್ತಾನ, ಇದ್ದದ್ದು ಇದ್ದಂಗ ಹೇಳ್ತಾನ ಅಂತ. ನೀ ಬಂದಿ, ಕಾಗದಾ ತಂದಿ."

"ಈಗರೆ ಹೇಳ್ತೀನೋ. ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ. ನೀನೂ ಸೋಮವಾರ ಖರೇನ ಹೇಳು. ಸುಳ್ಳು ಯಾಕ ಹೇಳ್ತಿ?"

ಬಸಲಿಂಗ ತನ್ನ ಕೈ ನೋಡಿಕೊಂಡ.

"ಖರೇ ಹೇಳಿದ್ರ ನಿನಗ ಕೆಲಸ ಸಿಗ್ತೈತಿ ಅಣ್ಣಾ, ನನಗ ಸಿಗೂದಿಲ್ಲ. ಮನ್ಯಾಗ ಹೆಂಡ್ತಿ ಒಬ್ಬಾಕಿನಽ ದುಡೀತಾಳ. ಈ ಸಲನೂ ತಪ್ಪಿದ್ರ ನಾ ಆಕಿಗೆ ಹೆಂಗ ಮುಖಾ ತೋರಸ್ಲಿ?"

 ಬಸಲಿಂಗ ಕುರ್ಚಿಯನ್ನು ಮೇಘಾಳ ಕಡೆ ತಿರುಗಿಸಿಕೊಂಡು, ಅವಳು ಕೇಳಲೆಂದು ನೆಟ್ಟಗೆ ಕೂತ. ಅವಳು ನೋಟ್‌ಬುಕ್ಕಿನ ಪುಟ ತಿರುವದಿದ್ದುದನ್ನು ನೋಡಿ, ಬಲಗೈಯಲ್ಲಿ ಉಳಿದ ಹೆಬ್ಬೆರಳಿನಿಂದ ತಾನೇ ಅದನ್ನು ಸರಿಸಿದ.

"ಮುಂದಿನದು ಕೇಳವ್ವ," ಅಂದ.